ಸ್ಲೋ ಟ್ರಾಫಿಕ್‌ನಲ್ಲಿ ಬೈಕ್ ಯಾಕೆ ಜರ್ಕ್ ಹೊಡೆಯುತ್ತದೆ, ಮನೆಯಲ್ಲೇ ಏನೆಲ್ಲ ಸರಿಮಾಡಬಹುದು

ಎರಡನೇ ಗೇರ್, ಗಂಟೆಗೆ 15–20 ಕಿ.ಮೀ. ವೇಗ, ಸಿಲ್ಕ್ ಬೋರ್ಡ್ ಕಡೆಗೆ ತೆವಳುತ್ತಿರುವ ಟ್ರಾಫಿಕ್. ಮುಂದಿನ ಆಟೋ ನಿಧಾನ ಆಯಿತು ಅಂತ ಆಕ್ಸಿಲರೇಟರ್ ಬಿಡುತ್ತೀರಿ, ಬೈಕ್ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ನಿಲ್ಲುತ್ತದೆ. ಆಟೋ ಹೊರಟಿತು ಅಂತ ಕೂದಲೆಳೆಯಷ್ಟು ರೇಸ್ ಕೊಡುತ್ತೀರಿ. ಮೊದಲು ಏನೂ ಆಗುವುದಿಲ್ಲ, ಆಮೇಲೆ ಟಕ್ ಅಂತ ಸದ್ದಾಗಿ ಬೈಕ್ ಮುಂದಕ್ಕೆ ಎಗರುತ್ತದೆ, ಹಿಂದೆ ಕೂತವರ ಹೆಲ್ಮೆಟ್ ಬಂದು ನಿಮ್ಮ ಹೆಲ್ಮೆಟ್‌ಗೆ ಬಡಿಯುತ್ತದೆ. 300–400 ಸಿಸಿಯ ಸಿಂಗಲ್ ಸಿಲಿಂಡರ್ ಬೈಕ್ ಇಟ್ಟುಕೊಂಡವರಿಗೆ ಇದು ದಿನನಿತ್ಯದ ಕಾಟ.

ಇದಕ್ಕೆ ಜನ ಮೊದಲು ಹುಡುಕುವುದು ಇಂಜಿನ್‌ಗೆ ಜಾಸ್ತಿ ಪೆಟ್ರೋಲ್ ಕೊಡಿಸುವ ಯಾವುದೋ ಒಂದು ಎಲೆಕ್ಟ್ರಾನಿಕ್ ಡಬ್ಬಿಯನ್ನು. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದ್ದು. ನಿಮ್ಮ ಅಂಗೈಯಿಂದ ಹಿಂದಿನ ಟೈರಿನವರೆಗೆ ಒಂದು ಉದ್ದದ ದಾರಿ ಇದೆ: ಗ್ರಿಪ್, ಕೇಬಲ್, ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ, ಇಂಜಿನ್, ಕ್ಲಚ್, ಗೇರ್‌ಬಾಕ್ಸ್, ಚೈನ್, ಚಕ್ರದ ಹಬ್ ಒಳಗಿನ ರಬ್ಬರ್. ಇದರಲ್ಲಿ ಬಹುತೇಕ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಪ್ಲೇ, ಅಂದರೆ ಸಡಿಲ, ಇರುತ್ತದೆ. ಒಂದೊಂದೇ ನೋಡಿದರೆ ಸಣ್ಣದು, ಎಲ್ಲ ಸೇರಿದಾಗ ಆ ಹೊಡೆತ. ಈ ಸಡಿಲ ಹಾಗೇ ಇಟ್ಟುಕೊಂಡು ಪೆಟ್ರೋಲ್ ಜಾಸ್ತಿ ಮಾಡಿದರೆ ದುಡ್ಡು ಹೋಗುತ್ತದೆ, ಜರ್ಕ್ ಉಳಿಯುತ್ತದೆ.

ಮೊದಲು ಕಾರಣ ನೋಡೋಣ. ಥ್ರಾಟಲ್ ಬಾಡಿ ಒಳಗೆ ಬಟರ್‌ಫ್ಲೈ ಅಂತ ಒಂದು ದುಂಡನೆ ತಟ್ಟೆ ಇರುತ್ತದೆ. ನೀವು ಗ್ರಿಪ್ ತಿರುಗಿಸಿದಷ್ಟು ಅದು ಓರೆಯಾಗಿ ಗಾಳಿಗೆ ದಾರಿ ಬಿಡುತ್ತದೆ. ಕಡಿಮೆ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಇಂಜಿನ್‌ಗೆ ಬೇಕಾಗುವ ಗಾಳಿಯೇ ಕಡಿಮೆ. ಹಾಗಾಗಿ ತಟ್ಟೆ ಸ್ವಲ್ಪ ತೆರೆದರೂ ಆ ವೇಗದಲ್ಲಿ ಸಿಗಬಹುದಾದ ಟಾರ್ಕ್‌ನ (ತಿರುಗಿಸುವ ಬಲದ) ದೊಡ್ಡ ಪಾಲು ಒಟ್ಟಿಗೇ ಬಂದುಬಿಡುತ್ತದೆ. ಅಂದರೆ ಗ್ರಿಪ್‌ನ ಮೊದಲ ಕೆಲವು ಮಿಲಿಮೀಟರ್‌ನಲ್ಲೇ ಆಟ ಎಲ್ಲ ಮುಗಿಯುತ್ತದೆ. ಹೈವೇಯಲ್ಲಿ ಇದೇ ಬೈಕ್ ಬೆಣ್ಣೆಯಂತೆ ಓಡುವುದಕ್ಕೂ ಇದೇ ಕಾರಣ. 6,000 ಆರ್‌ಪಿಎಂನಲ್ಲಿ ಅಷ್ಟೇ ತಿರುಗಿಸಿದರೆ ಆಗುವ ಬದಲಾವಣೆ ಬಹಳ ಸಣ್ಣದು.

ಎರಡನೆಯದು, ಸಿಂಗಲ್ ಸಿಲಿಂಡರ್ ಇಂಜಿನ್ ಎರಡು ಸುತ್ತು ತಿರುಗಿದರೆ ಒಂದು ಸಲ ಮಾತ್ರ ಶಕ್ತಿ ಕೊಡುತ್ತದೆ. 1,500 ಆರ್‌ಪಿಎಂನಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಹೊಡೆತ ಅಷ್ಟೇ. ಆ ಹೊಡೆತಗಳ ನಡುವಿನ ಖಾಲಿ ಜಾಗವನ್ನು ತುಂಬುವುದು ಇಂಜಿನ್ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್‌ನ ತೂಕ. ಹಳೇ ಬುಲೆಟ್‌ನಲ್ಲಿ ಭಾರವಾದ ಫ್ಲೈವೀಲ್ ಇತ್ತು, ಅದಕ್ಕೇ ಅದು ಆಮೆಯ ವೇಗದಲ್ಲೂ ದಡ್ ದಡ್ ಅಂತ ನೆಮ್ಮದಿಯಾಗಿ ಹೋಗುತ್ತಿತ್ತು. ಕೆಟಿಎಂ 390 ಡ್ಯೂಕ್ ಥರದ ಬೈಕ್‌ನಲ್ಲಿ ಒಳಗಿನ ಭಾಗಗಳೆಲ್ಲ ಹಗುರ. ಬೇಗ ಎಗರಲಿ ಅಂತಲೇ ಅದನ್ನು ಹಾಗೆ ಮಾಡಿರುವುದು.

ಮೂರನೆಯದು ಪೆಟ್ರೋಲ್. ಇಂಜೆಕ್ಷನ್ ಬೈಕ್‌ನಲ್ಲಿ ನೀವು ಆಕ್ಸಿಲರೇಟರ್ ಪೂರ್ತಿ ಬಿಟ್ಟ ಕೂಡಲೇ, ಆರ್‌ಪಿಎಂ ಒಂದು ಮಟ್ಟಕ್ಕಿಂತ ಮೇಲಿದ್ದರೆ, ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನೇ ಬಂದ್ ಮಾಡುತ್ತದೆ. ಮತ್ತೆ ರೇಸ್ ಕೊಟ್ಟಾಗ ಪೆಟ್ರೋಲ್ ಶುರುವಾಗುತ್ತದೆ, ಆದರೆ ಅಷ್ಟರಲ್ಲಿ ಒಣಗಿದ ಪೋರ್ಟಿನ (ಇಂಜಿನ್‌ಗೆ ಗಾಳಿ ಹೋಗುವ ದಾರಿಯ) ಗೋಡೆಗೆ ಮೊದಲಿನ ಒಂದಿಷ್ಟು ಪೆಟ್ರೋಲ್ ಅಂಟಿಕೊಳ್ಳುತ್ತದೆ. ಅದರಿಂದ ಮೊದಲು ಒಂದು ಸಣ್ಣ ತಡ, ಆಮೇಲೆ ಒಮ್ಮೆಲೇ ಎಳೆತ. ಇದರ ಮೇಲೆ ಗಾಡಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ನಿಯಮಕ್ಕೆ ತಕ್ಕಂತೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಗಾಳಿ–ಪೆಟ್ರೋಲ್ ಪ್ರಮಾಣ, ಬರೀ ಪೆಟ್ರೋಲ್ ಲೆಕ್ಕದಲ್ಲಿ, 14.7ಕ್ಕೆ 1ರ ಹತ್ತಿರವೇ ಇರಬೇಕು. ಇಂಜಿನ್ ನಯವಾಗಿ ಎಳೆಯುವುದು 13ರ ಆಸುಪಾಸಿನಲ್ಲಿ. ಕಾನೂನಿಗೆ ಬೇಕಾದ್ದಕ್ಕೂ ನಿಮ್ಮ ಕೈಗೆ ಹಿತವಾಗುವುದಕ್ಕೂ ನಡುವೆ ಇಷ್ಟು ಅಂತರ ಇದೆ.

ಹಾಗಾದರೆ ನಿಮ್ಮ ಬೈಕ್‌ನಲ್ಲಿ ತೊಂದರೆ ಸಡಿಲದ್ದೋ ಪೆಟ್ರೋಲ್‌ದೋ? ಕಂಡುಹಿಡಿಯುವುದು ಸುಲಭ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಗ್ರಿಪ್ಪನ್ನು ಎಷ್ಟು ನಿಧಾನ ಆಗುತ್ತದೋ ಅಷ್ಟು ನಿಧಾನವಾಗಿ ತಿರುಗಿಸಿ. ಐಡ್ಲಿಂಗ್‌ನಿಂದ (ರೇಸ್ ಕೊಡದೆ ಇಂಜಿನ್ ಓಡುವ ಮಟ್ಟ) 2,500ರವರೆಗೆ ಆರ್‌ಪಿಎಂ ಒಂದೇ ಸಮ ಏರಿದರೆ ಇಂಜಿನ್ ಬಹುಮಟ್ಟಿಗೆ ಚೆನ್ನಾಗಿದೆ, ಗಮನ ಕೇಬಲ್, ಚೈನ್ ಕಡೆ ಹೋಗಲಿ. ಮಧ್ಯದಲ್ಲಿ ಮುಗ್ಗರಿಸಿದರೆ, ಕೆಮ್ಮಿದ ಹಾಗೆ ಪಟ್ ಅಂದರೆ, ಗಾಳಿ–ಪೆಟ್ರೋಲ್ ಕಡೆ ನೋಡಬೇಕು. ರೋಡಿನಲ್ಲಿ ಗ್ರಿಪ್ ಅಲುಗಾಡಿಸದೆ ಹಿಡಿದಿದ್ದರೂ ಬೈಕ್ ತನ್ನಷ್ಟಕ್ಕೆ ಮುಂದೆ ಹಿಂದೆ ಜಗ್ಗುತ್ತಿದ್ದರೆ, ಅದು ಹೆಚ್ಚಾಗಿ ಪೆಟ್ರೋಲ್ ಕಡಿಮೆ ಆದ ಲಕ್ಷಣ.

ಈಗ ಕೇಬಲ್. ನಾನು ಕಂಡ ಹಾಗೆ ಅತಿ ಕಡಿಮೆ ಖರ್ಚಿನಲ್ಲಿ ಅತಿ ಜಾಸ್ತಿ ಫಲ ಸಿಗುವುದು ಇಲ್ಲೇ, ಆದರೆ ಸರ್ವಿಸ್‌ನಲ್ಲಿ ಯಾರೂ ಇದನ್ನು ಮುಟ್ಟುವುದಿಲ್ಲ. ಇಂಜಿನ್ ಆಫ್ ಇರುವಾಗ ಗ್ರಿಪ್‌ನ ಅಂಚಿನಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ, ಪಕ್ಕದ ಸ್ವಿಚ್ ಮನೆಯ (ಸ್ವಿಚ್‌ಗಳಿರುವ ಡಬ್ಬಿಯ) ಮೇಲೂ ಅದರ ನೇರಕ್ಕೆ ಒಂದು ಗೆರೆ. ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಕೈಗೆ ಬಿಗಿ ಸಿಗುವವರೆಗೆ ಗೆರೆ ಎಷ್ಟು ಸರಿಯಿತು ಅನ್ನುವುದೇ ಪ್ಲೇ. ಎಷ್ಟು ಇರಬೇಕು ಅಂತ ನಿಮ್ಮ ಬೈಕಿನ ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ, ಸಾಮಾನ್ಯವಾಗಿ 2–3 ಮಿ.ಮೀ. ಸಾಕು. ಹಳೇ ಬೈಕುಗಳಲ್ಲಿ ಇದು ಎಷ್ಟೋ ಸಲ 6–7 ಮಿ.ಮೀ. ಇರುತ್ತದೆ. ಆ ದೂರವನ್ನು ನಿಮ್ಮ ಮಣಿಕಟ್ಟು ಖಾಲಿ ದಾಟಬೇಕು. ದಾಟುವ ಹೊತ್ತಿಗೆ ಅದಕ್ಕೆ ವೇಗ ಬಂದಿರುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿ ರೇಸ್ ಕೊಟ್ಟುಬಿಡುತ್ತೀರಿ.

ಸರಿಮಾಡಲು ಗ್ರಿಪ್ ಹತ್ತಿರ ಕೇಬಲ್ ಮೇಲಿರುವ ರಬ್ಬರ್ ಟೋಪಿಯನ್ನು ಹಿಂದಕ್ಕೆ ಸರಿಸಿ. ಅಡ್ಜಸ್ಟರ್, ಅದರ ಲಾಕ್ ನಟ್ ಕಾಣುತ್ತವೆ. ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸಿ, ಪ್ರತಿ ಸಲ ಗೆರೆ ನೋಡಿ. ಸಾಕಾಯಿತು ಅನಿಸಿದಾಗ ನಟ್ ಬಿಗಿ ಮಾಡಿ. ಅಲ್ಲಿ ಅಡ್ಜಸ್ಟರ್‌ನ ತಿರುಪು ಮುಗಿದರೆ ಥ್ರಾಟಲ್ ಬಾಡಿ ಕಡೆಯ ತುದಿಯಲ್ಲಿ ಇನ್ನೊಂದು ಅಡ್ಜಸ್ಟರ್ ಇರುತ್ತದೆ. ಆಮೇಲೆ ಮಾಡಲೇಬೇಕಾದ ಒಂದು ಪರೀಕ್ಷೆ ಇದೆ, ದಯವಿಟ್ಟು ಬಿಡಬೇಡಿ. ಇಂಜಿನ್ ಐಡ್ಲಿಂಗ್‌ನಲ್ಲಿ ಇಟ್ಟು ಹ್ಯಾಂಡಲ್ ಅನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಆರ್‌ಪಿಎಂ ಒಂದಿಷ್ಟೂ ಏರಬಾರದು. ಏರಿದರೆ ಕೇಬಲ್ ತೀರಾ ಬಿಗಿಯಾಗಿದೆ ಅಂತ. ಹಾಗೇ ಗ್ರಿಪ್ ತಿರುಗಿಸಿ ಬಿಟ್ಟರೆ ಚಟ್ ಅಂತ ಹಿಂದಕ್ಕೆ ಬರಬೇಕು. ಯೂ-ಟರ್ನ್ ಮಧ್ಯೆ ತಾನಾಗಿ ರೇಸ್ ಆಗುವ ಬೈಕ್ ಜರ್ಕ್ ಹೊಡೆಯುವ ಬೈಕ್‌ಗಿಂತ ಎಷ್ಟೋ ಅಪಾಯ.

ಗ್ರಿಪ್ ತಿರುಗಿಸುವಾಗ ಮರಳು ಸಿಕ್ಕಿದ ಹಾಗೆ ಗರಗರ ಅನ್ನಿಸಿದರೆ ಕೇಬಲ್‌ನ ಮೇಲಿನ ತುದಿ ಬಿಚ್ಚಿ ಕೇಬಲ್ ಲ್ಯೂಬ್ ಹಾಕಿ. ಒಂದು ಎಳೆ ಹರಿದಿದ್ದರೂ ಹೊಸ ಕೇಬಲ್ಲೇ ಹಾಕಿ, ಅದರಲ್ಲಿ ಉಳಿತಾಯ ನೋಡಬೇಡಿ. 2017ರಿಂದೀಚಿನ 390 ಡ್ಯೂಕ್, ಹಿಮಾಲಯನ್ 450 ಥರದ ರೈಡ್-ಬೈ-ವೈರ್ ಬೈಕ್ ಇದ್ದವರಿಗೆ ಈ ಕೆಲಸವೇ ಇಲ್ಲ. ಅಲ್ಲಿ ಬಟರ್‌ಫ್ಲೈ ತಿರುಗಿಸುವುದು ಮೋಟರ್. ರೈಡ್ ಮೋಡ್ ಇದ್ದರೆ ಟ್ರಾಫಿಕ್‌ನಲ್ಲಿ ಇಕೋ ಅಥವಾ ರೇನ್ ಹಾಕಿ ನೋಡಿ, ಅಲ್ಲಿ ಮೊದಲ ತಿರುವು ಮೆತ್ತಗಿರುತ್ತದೆ. ಕಂಪನಿಗಳು ಮನಸ್ಸು ಮಾಡಿದರೆ ಸಾಫ್ಟ್‌ವೇರ್‌ನಲ್ಲೇ ಇದನ್ನು ಸರಿಮಾಡಬಹುದು. ಟಿವಿಎಸ್ ತನ್ನ ಬಿಎಸ್6 ಅಪಾಚೆಗಳಲ್ಲಿ ಕ್ಲಚ್ ಬಿಟ್ಟರೆ ಸಾಕು, ರೇಸ್ ಕೊಡದೆಯೇ ನಿಧಾನಕ್ಕೆ ಸಾಗುವ ಗ್ಲೈಡ್ ಥ್ರೂ ವ್ಯವಸ್ಥೆ ಕೊಟ್ಟಿದೆ. ಟ್ರಾಫಿಕ್‌ನಲ್ಲಿ ಓಡಾಡುವ ಬೈಕುಗಳಿಗೆಲ್ಲ ಇಂಥದ್ದು ಬರಬೇಕು ಅಂತ ನನ್ನ ಆಸೆ.

ಗ್ರಿಪ್ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ದಪ್ಪ ಗ್ರಿಪ್ ಅಥವಾ ಫೋಮ್ ಗ್ರಿಪ್ ಕವರ್ ಹಾಕಿದರೆ ಹಿಡಿತ ಸೂಕ್ಷ್ಮ ಆಗುತ್ತದೆ. 32 ಮಿ.ಮೀ. ದಪ್ಪದ ಗ್ರಿಪ್ 38 ಆದರೆ ಅದೇ ತಿರುವಿಗೆ ನಿಮ್ಮ ಅಂಗೈ ಸುಮಾರು 19% ಜಾಸ್ತಿ ದೂರ ಚಲಿಸಬೇಕು, ಅಷ್ಟರಮಟ್ಟಿಗೆ ಕಂಟ್ರೋಲ್ ಜಾಸ್ತಿ. ಕವರ್ ಮಾತ್ರ ಜಾರಬಾರದು, ಸ್ವಿಚ್ ಮನೆಗೆ ಉಜ್ಜಿಕೊಂಡು ಸಿಕ್ಕಿಹಾಕಿಕೊಳ್ಳಬಾರದು. ಹೊರದೇಶಗಳಲ್ಲಿ ಇದಕ್ಕೇ ಅಂತ ಥ್ರಾಟಲ್ ಟ್ಯೂಬ್ ಸಿಗುತ್ತದೆ. ಅದರಲ್ಲಿ ಕೇಬಲ್ ಸುತ್ತುವ ಗಾಲಿ ಪೂರ್ತಿ ದುಂಡಗಿರುವುದಿಲ್ಲ, ಶುರುವಿನಲ್ಲಿ ಸಣ್ಣದಾಗಿದ್ದು ಆಮೇಲೆ ದೊಡ್ಡದಾಗುತ್ತದೆ, ಹಾಗಾಗಿ ಮೊದಲ ತಿರುವಿನಲ್ಲಿ ಕೇಬಲ್ ಕಡಿಮೆ ಎಳೆಯುತ್ತದೆ. ಇದನ್ನು ನೋಡಿ ಮನೆಯಲ್ಲೇ ಅರದಿಂದ ಟ್ಯೂಬ್ ಉಜ್ಜುವವರಿದ್ದಾರೆ. ಬೇಡ. ಕೇಬಲ್ ಗಾಲಿಯಿಂದ ಜಾರಿ ಸಿಕ್ಕಿಕೊಂಡರೆ ರೇಸ್ ಬಿಟ್ಟರೂ ಕಡಿಮೆ ಆಗುವುದಿಲ್ಲ.

ದಾರಿಯ ಇನ್ನೊಂದು ತುದಿಗೆ ಹೋಗೋಣ, ಆ ಟಕ್ ಸದ್ದು ಬರುವ ಜಾಗಕ್ಕೆ. ರೇಸ್ ಬಿಟ್ಟಾಗ ಚೈನ್‌ನ ಒಂದು ಬದಿ ಬಿಗಿ, ರೇಸ್ ಕೊಟ್ಟಾಗ ಇನ್ನೊಂದು ಬದಿ ಬಿಗಿ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಇಂಜಿನ್ ಒಂದು ಕ್ಷಣ ಭಾರವಿಲ್ಲದೆ ತಿರುಗಿ, ಆಮೇಲೆ ಬಂದು ಚೈನ್‌ಗೆ ಗುದ್ದುತ್ತದೆ. ಚೈನ್ ಎಷ್ಟು ಲೂಸ್ ಇದೆಯೋ ಗುದ್ದು ಅಷ್ಟು ಜೋರು. ಎಷ್ಟು ಇರಬೇಕು, ಬೈಕ್ ಯಾವ ಸ್ಟ್ಯಾಂಡ್ ಮೇಲಿರುವಾಗ ಅಳೆಯಬೇಕು ಅಂತ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಸ್ಟಿಕರ್‌ನಲ್ಲಿ ಅಥವಾ ಮ್ಯಾನುಯಲ್‌ನಲ್ಲಿ ಇರುತ್ತದೆ, ಅದನ್ನೇ ಅನುಸರಿಸಿ. ಅಳೆಯುವಾಗ ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ. ಸವೆದ ಚೈನ್ ಒಂದು ಕಡೆ ಬಿಗಿ, ಒಂದು ಕಡೆ ಲೂಸ್ ಇರುತ್ತದೆ. ಅತಿ ಬಿಗಿ ಇರುವ ಜಾಗದಲ್ಲಿ ಅಳತೆ ಸರಿಮಾಡಿ. ವ್ಯತ್ಯಾಸ ತುಂಬಾ ಇದ್ದರೆ ಅಡ್ಜಸ್ಟ್ ಮಾಡಿ ಉಪಯೋಗವಿಲ್ಲ, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಗಾಲಿ) ಸಮೇತ ಚೈನ್ ಸೆಟ್ಟೇ ಬದಲಿಸಬೇಕು. ಜರ್ಕ್ ಹೋಗಲಿ ಅಂತ ಚೈನ್ ಅನ್ನು ತಂತಿಯಂತೆ ಬಿಗಿ ಮಾಡಲೂಬೇಡಿ. ಹಿಂದಿನ ಸಸ್ಪೆನ್ಷನ್ ಕುಸಿದಾಗ ಚೈನ್ ಇನ್ನೂ ಬಿಗಿಯಾಗುತ್ತದೆ, ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗ್ ಹಾಳಾಗುತ್ತದೆ.

ಚೈನ್ ಸರಿ ಇದ್ದೂ ಟಕ್ ಅಂದರೆ ಹಬ್ ರಬ್ಬರ್ ನೋಡಿ. ಗ್ಯಾರೇಜ್‌ಗಳಲ್ಲಿ ಇದಕ್ಕೆ ಡ್ರಮ್ ರಬ್ಬರ್, ಕಪ್ಲಿಂಗ್ ರಬ್ಬರ್ ಅಂತೆಲ್ಲ ಅನ್ನುತ್ತಾರೆ. ಹಿಂದಿನ ಸ್ಪ್ರಾಕೆಟ್ ನೇರವಾಗಿ ಚಕ್ರಕ್ಕೆ ಸೇರಿರುವುದಿಲ್ಲ, ನಡುವೆ ನಾಲ್ಕೈದು ರಬ್ಬರ್ ತುಂಡುಗಳು ಕೂತು ಇಂಜಿನ್‌ನ ಹೊಡೆತವನ್ನು ನುಂಗುತ್ತವೆ. ಇಂಜಿನ್ ಆಫ್ ಮಾಡಿ, ಮೊದಲನೇ ಗೇರ್ ಹಾಕಿ, ಹಿಂದಿನ ಚಕ್ರವನ್ನು ಮುಂದೆ ಹಿಂದೆ ಅಲುಗಾಡಿಸಿ. ಸ್ಪ್ರಾಕೆಟ್ ನಿಂತಲ್ಲೇ ಇದ್ದು ಚಕ್ರ ಮಾತ್ರ ಸಲೀಸಾಗಿ ಕಟಕಟ ಅಂತ ಆಡಿದರೆ ರಬ್ಬರ್ ಸವೆದಿದೆ ಅಥವಾ ಗಟ್ಟಿಯಾಗಿ ಕುಗ್ಗಿದೆ. ಚಕ್ರ ಬಿಚ್ಚಲು ಬರುವವರು ಹೊಸ ರಬ್ಬರ್ ಸೆಟ್ಟನ್ನು ಮನೆಯಲ್ಲೇ ಹಾಕಬಹುದು. ಬೈಕ್ ಪಾರ್ಟ್ಸ್ ಲೆಕ್ಕದಲ್ಲಿ ಬೆಲೆಯೂ ಜಾಸ್ತಿಯಲ್ಲ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಆ ಪಟ್ಟಿಗಳನ್ನು ರಬ್ಬರ್ ಪಕ್ಕ ತುರುಕಿ ಸಂದು ತುಂಬಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಉಪಾಯ. ಸ್ವಲ್ಪ ಕಾಲಕ್ಕೆ ಅದೂ ನಡೆಯುತ್ತದೆ. ಚಕ್ರ ವಾಪಸ್ ಹಾಕುವಾಗ ಆಕ್ಸಲ್ ನಟ್ ಅನ್ನು ಟಾರ್ಕ್ ರೆಂಚ್‌ನಲ್ಲಿ ಮ್ಯಾನುಯಲ್ ಹೇಳಿದಷ್ಟು ಬಿಗಿ ಮಾಡಿ.

ಚೈನ್ ಸೆಟ್ ಬದಲಿಸುವ ಕಾಲ ಬಂದಿದ್ದರೆ ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡುವ ಯೋಚನೆ ಮಾಡಬಹುದು. 15 ಹಲ್ಲಿದ್ದದ್ದು 14 ಆದರೆ ಅದೇ ವೇಗಕ್ಕೆ ಇಂಜಿನ್ ಸುಮಾರು 7% ಜಾಸ್ತಿ ತಿರುಗುತ್ತದೆ. 2,500 ಇದ್ದ ಕಡೆ 2,680. ಎರಡನೇ ಗೇರ್‌ನಲ್ಲಿ ಏದುಸಿರು ಬಿಡುತ್ತಿದ್ದ ಬೈಕ್ ಆರಾಮಾಗಿ ತೆವಳುತ್ತದೆ, ಹಾಫ್ ಕ್ಲಚ್ ಕಡಿಮೆ ಆಗುತ್ತದೆ. ಆದರೆ ಹೈವೇಯಲ್ಲೂ ಅದೇ 7% ಜಾಸ್ತಿ ಕಿರುಚುತ್ತದೆ, ಮೈಲೇಜ್ ಸ್ವಲ್ಪ ಇಳಿಯುತ್ತದೆ, ವೇಗವನ್ನು ಗೇರ್‌ಬಾಕ್ಸ್‌ನಿಂದ ಓದುವ ಬೈಕ್ ಆದರೆ ಮೀಟರ್ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಊರೊಳಗೇ ಓಡಾಡುವವರಿಗೆ ಒಳ್ಳೆಯದು. ವಾರಕ್ಕೊಮ್ಮೆ ಹುಬ್ಬಳ್ಳಿ ಹೈವೇ ಹಿಡಿಯುವವರಿಗೆ ನಾನು ಹೇಳುವುದಿಲ್ಲ.

ಈಗ ಇಂಜಿನ್. ಏರ್ ಫಿಲ್ಟರ್, ಪ್ಲಗ್, ವಾಲ್ವ್ ಕ್ಲಿಯರೆನ್ಸ್ ಇವು ಮಾಮೂಲಿ ಸರ್ವಿಸ್ ಮಾತು, ಸರಿಯಿರಬೇಕು ಅಷ್ಟೇ. ಜನ ಮರೆಯುವುದು ಎರಡು. ಒಂದು, ಥ್ರಾಟಲ್ ಬಾಡಿಗೂ ಇಂಜಿನ್‌ಗೂ ನಡುವಿನ ರಬ್ಬರ್ ಮ್ಯಾನಿಫೋಲ್ಡ್. ಬಿಸಿಲಿಗೆ, ಬಿಸಿಗೆ ಅದರಲ್ಲಿ ಕೂದಲಿನಂಥ ಬಿರುಕು ಬಿಡುತ್ತದೆ, ಅಲ್ಲಿಂದ ನುಗ್ಗುವ ಗಾಳಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಐಡ್ಲಿಂಗ್‌ನಲ್ಲಿರುವಾಗ ಆ ರಬ್ಬರ್ ಸುತ್ತ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ. ಆರ್‌ಪಿಎಂ ಬದಲಾದರೆ ಅಲ್ಲೇ ಸೋರುತ್ತಿದೆ. ಎರಡು, ಬಟರ್‌ಫ್ಲೈ ಅಂಚಿನಲ್ಲಿ ಕಟ್ಟುವ ಕಪ್ಪು ಜಿಡ್ಡು. ತಟ್ಟೆ ಮುಚ್ಚಿದಾಗ ಇರಬೇಕಾದ ಸಣ್ಣ ಸಂದನ್ನೇ ಅದು ತುಂಬಿಬಿಡುತ್ತದೆ, ಹಾಗಾಗಿ ಮೊದಲ ತಿರುವಿನಲ್ಲಿ ತಟ್ಟೆ ಅಂಟಿಕೊಂಡಂತಾಗಿ ಆಮೇಲೆ ಜಿಗಿಯುತ್ತದೆ. ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿ, ಸುಮ್ನೆ ಒಳಗೆಲ್ಲ ಸ್ಪ್ರೇ ಹೊಡೆಯಬೇಡಿ. ಬಣ್ಣ ಹಚ್ಚಿ ಸೀಲ್ ಮಾಡಿರುವ ಸ್ಟಾಪ್ ಸ್ಕ್ರೂ ಮುಟ್ಟಬೇಡಿ. ರೈಡ್-ಬೈ-ವೈರ್ ಆದರೆ ತಟ್ಟೆಯನ್ನು ಬೆರಳಲ್ಲಿ ಒತ್ತಿ ತೆರೆಯಲೇಬೇಡಿ.

ಇಂಜೆಕ್ಷನ್ ಇಲ್ಲದ ಹಳೇ ಕಾರ್ಬ್ಯುರೇಟರ್ ಬೈಕ್ ಇಟ್ಟುಕೊಂಡವರಿಗೆ ಈಗ ಹೊಸ ಕಾರಣವೊಂದು ಸೇರಿದೆ. ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ಗೆ 20% ಎಥನಾಲ್ ಬೆರೆತಿದೆ. ಬರೀ ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು, ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಹಳೇ ಪೆಟ್ರೋಲ್‌ಗೆ ಅಂತ ಹೊಂದಿಸಿದ ಕಾರ್ಬ್ಯುರೇಟರ್‌ಗೆ ಇದು ಗೊತ್ತಾಗುವುದಿಲ್ಲ, ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ ಆಗುತ್ತದೆ. ರೇಸ್ ಸ್ವಲ್ಪ ಕೊಟ್ಟಾಗ ಕೆಲಸ ಮಾಡುವುದು ಪೆಟ್ರೋಲ್ ಬಿಡುವ ಸಣ್ಣ ತೂತು, ಅಂದರೆ ಪೈಲಟ್ ಜೆಟ್, ಹಾಗಾಗಿ ಪೈಲಟ್ ಸ್ಕ್ರೂ ಹೊಂದಿಸಿ. ಸ್ಕ್ರೂ ಇಂಜಿನ್ ಕಡೆ ಇದ್ದರೆ ಹೊರಕ್ಕೆ ತಿರುಗಿಸಿದಷ್ಟು ಪೆಟ್ರೋಲ್ ಜಾಸ್ತಿ, ಫಿಲ್ಟರ್ ಕಡೆ ಇದ್ದರೆ ಒಳಕ್ಕೆ ತಿರುಗಿಸಿದಷ್ಟು. ಬಿಸಿ ಇಂಜಿನ್‌ನಲ್ಲಿ ಆರ್‌ಪಿಎಂ ಅತಿ ಜಾಸ್ತಿ ಆಗುವ ಜಾಗ ಹುಡುಕಿ, ಅಲ್ಲಿಂದ ಒಂದು ಕೂದಲಷ್ಟು ಪೆಟ್ರೋಲ್ ಜಾಸ್ತಿ ಆಗುವ ಕಡೆ ಇಟ್ಟು, ಐಡ್ಲಿಂಗ್ ಸ್ಕ್ರೂನಿಂದ ಆರ್‌ಪಿಎಂ ಇಳಿಸಿ. ಕಾಲುಭಾಗ ತೆರೆದ ಮೇಲೂ ಮುಗ್ಗರಿಸಿದರೆ ಕಾರ್ಬ್ಯುರೇಟರ್ ಒಳಗಿನ ಸೂಜಿಯ (ನೀಡಲ್) ಕ್ಲಿಪ್ಪನ್ನು ಒಂದು ಮೆಟ್ಟಿಲು ಕೆಳಗೆ ಹಾಕಿ. ನೀಡಲ್ ಮೇಲೇರಿ ಪೆಟ್ರೋಲ್ ಜಾಸ್ತಿ ಬರುತ್ತದೆ.

ಇಂಜೆಕ್ಷನ್ ಬೈಕ್‌ಗೆ ಎಲ್ಲರೂ ಹೇಳುವ ಅಗ್ಗದ ಉಪಾಯ, ಗಾಳಿಯ ಬಿಸಿ ಅಳೆಯುವ ಸೆನ್ಸರ್‌ನ ತಂತಿಗೆ ಒಂದು ರೆಸಿಸ್ಟರ್ ಸೇರಿಸುವುದು. ಬಿಸಿ ಏರಿದಷ್ಟು ಈ ಸೆನ್ಸರ್‌ನ ರೆಸಿಸ್ಟೆನ್ಸ್ ಇಳಿಯುತ್ತದೆ. ನಾವು ಒಂದಿಷ್ಟು ಓಮ್ ಸೇರಿಸಿದರೆ ಗಾಳಿ ಇರುವುದಕ್ಕಿಂತ ತಣ್ಣಗಿದೆ ಅಂತ ಇಸಿಯು ನಂಬುತ್ತದೆ. ತಣ್ಣನೆ ಗಾಳಿ ಸಾಂದ್ರ, ಹಾಗಾಗಿ ಪೆಟ್ರೋಲ್ ಜಾಸ್ತಿ ಕೊಡುತ್ತದೆ. 30 ಡಿಗ್ರಿಯನ್ನು 10 ಅಂತ ನಂಬಿಸಿದರೆ ಸುಮಾರು 7% ಜಾಸ್ತಿ. ಕೇಳಲು ಚೆನ್ನಾಗಿದೆ ಅಲ್ವಾ? ತೊಂದರೆ ಇರುವುದು ಲೆಕ್ಕದಲ್ಲಿ. 25 ಡಿಗ್ರಿಯಲ್ಲಿ 2,200 ಓಮ್ ಇರುವ ಒಂದು ಸೆನ್ಸರ್ ತೆಗೆದುಕೊಳ್ಳಿ, ಅದು 50 ಡಿಗ್ರಿಗೆ ಸುಮಾರು 900ಕ್ಕೆ ಇಳಿಯುತ್ತದೆ. ಇದಕ್ಕೆ 500 ಓಮ್ ಸೇರಿಸಿದರೆ 25 ಇದ್ದದ್ದು 20 ಅಂತ ಕಾಣುತ್ತದೆ, ಬರೀ 5 ಡಿಗ್ರಿ ಮೋಸ. ಆದರೆ 50 ಇದ್ದದ್ದು 37 ಅಂತ ಕಾಣುತ್ತದೆ, 13 ಡಿಗ್ರಿ ಮೋಸ. ಬೆಳಿಗ್ಗೆ ಒಂದು ಥರ, ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ಇನ್ನೊಂದು ಥರ. ಅದಕ್ಕೇ ಈ ಸೆನ್ಸರ್ ತಂತಿಗೆ ಸಿಕ್ಕಿಸಲು ಸಿಗುವ ಒಳ್ಳೆಯ ರೆಡಿಮೇಡ್ ಪ್ಲಗ್‌ಗಳಲ್ಲಿ ರೆಸಿಸ್ಟರ್ ಬದಲು ಹೊರಗಿನ ಗಾಳಿ ಅಳೆಯುವ ಇನ್ನೊಂದು ಸೆನ್ಸರ್ ಇರುತ್ತದೆ.

ಇನ್ನೂ ಒಂದು ವಿಷಯ. ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ಈ ಜಾಸ್ತಿ ಪೆಟ್ರೋಲನ್ನು ಕಂಡುಹಿಡಿದು ಇಸಿಯುಗೆ ಹೇಳುತ್ತದೆ, ಇಸಿಯು ಮತ್ತೆ ಕಡಿಮೆ ಮಾಡುತ್ತದೆ. ಒಂದೇ ಸಮನೆ ಹೋಗುವಾಗ ನಿಮ್ಮ ಉಪಾಯ ಅಷ್ಟಕ್ಕಷ್ಟೆ, ರೇಸ್ ಕೊಡುವ ಆ ಕ್ಷಣಗಳಲ್ಲಿ ಮಾತ್ರ ಸ್ವಲ್ಪ ಉಳಿಯುತ್ತದೆ. ಪೂರ್ತಿ ಬದಲಾವಣೆ ಬೇಕಿದ್ದರೆ ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನ ಫ್ಯುಯೆಲ್‌ಎಕ್ಸ್, ಪವರ್‌ಟ್ರಾನಿಕ್ ಥರದವು ಇವೆ, ಅವು ಇಂಜೆಕ್ಟರ್‌ನ ಸಿಗ್ನಲ್ಲನ್ನೇ ತಿದ್ದುತ್ತವೆ. ಆದರೆ ವಾರಂಟಿ ಇರುವ ಬೈಕ್‌ಗೆ ಇಂಥದ್ದು ಹಾಕುವ ಮುಂಚೆ ಶೋರೂಮ್‌ನಲ್ಲಿ ಕೇಳಿ. ಪಿಯುಸಿ ಪರೀಕ್ಷೆಯಲ್ಲಿ ಪಾಸ್ ಆಗಬೇಕು ಅನ್ನುವುದು ನೆನಪಿರಲಿ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿ ಅನ್ನುವವರ ಮಾತು ಕೇಳಲೇಬೇಡಿ. ಅದರಿಂದ ಸದ್ದು, ಹೊಗೆ ಜಾಸ್ತಿ, ನಿಧಾನದ ಜರ್ಕ್ ಹಾಗೇ ಇರುತ್ತದೆ.

ಏನೇ ಮಾಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ ಅದೇ ಗೇರ್‌ನಲ್ಲಿ ಓಡಿಸಿ ನೋಡಿ. ಕೇಬಲ್, ಚೈನ್, ರಬ್ಬರ್ ಮೂರೂ ಒಂದೇ ಭಾನುವಾರ ಮುಟ್ಟಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಹಾಳಾದರೂ ಅಷ್ಟೇ.

ಇಷ್ಟೆಲ್ಲ ಮಾಡಿದ ಮೇಲೂ ಆಗುಂಬೆಯಂಥ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ, ಇಕ್ಕಟ್ಟಾದ ಯೂ-ಟರ್ನ್‌ನಲ್ಲಿ ಸ್ವಲ್ಪ ಜರ್ಕ್ ಉಳಿಯಬಹುದು. ಅಲ್ಲಿ ಕಾಲು ಕೆಲಸ ಮಾಡಲಿ. ರೇಸ್ ಪೂರ್ತಿ ಬಿಡದೆ ಒಂದೇ ಮಟ್ಟದಲ್ಲಿ ಹಿಡಿದು, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ ವೇಗ ಕಡಿಮೆ ಮಾಡಿ. ತಟ್ಟೆ ಪೂರ್ತಿ ಮುಚ್ಚುವುದಿಲ್ಲ, ಹಾಗಾಗಿ ಇಂಜೆಕ್ಟರ್ ಬಂದ್ ಆಗುವುದಿಲ್ಲ, ಚೈನ್ ಕೂಡ ಒಂದೇ ಬದಿಗೆ ಬಿಗಿಯಾಗಿ ಇರುತ್ತದೆ. ಬಲಗೈಯ ಹೆಬ್ಬೆರಳನ್ನು ಸ್ವಿಚ್ ಮನೆಗೆ ಆನಿಸಿಕೊಂಡರೆ ಗುಂಡಿಯಲ್ಲಿ ಮೈ ಕುಲುಕಿದರೂ ಮಣಿಕಟ್ಟು ಅಲುಗುವುದಿಲ್ಲ. ಮೊದಲು ಖಾಲಿ ಮೈದಾನದಲ್ಲಿ ರೂಢಿ ಮಾಡಿಕೊಳ್ಳಿ. ಘಾಟಿ ಇಳಿಯುವಾಗ ಮಾತ್ರ ಉದ್ದಕ್ಕೂ ಬ್ರೇಕ್ ಒತ್ತಿಹಿಡಿಯಬೇಡಿ, ತಿರುವಿನಲ್ಲಿ ಒತ್ತಿ, ನೇರ ರಸ್ತೆಯಲ್ಲಿ ಬಿಡಿ. ಡ್ರಮ್ ಬ್ರೇಕ್ ಆದರೆ ಬೇಗ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ.